ಹದಿಮೂರನೇ ದಿನದ ಮೇಲೆ, ಸೇವೆ ಮಾಡಿದವರನ್ನು ಕೇಳುವವರು ಯಾರು?

ಕುವೆಂಪುನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಹೋದ ತಿಂಗಳು ತೀರಿಕೊಂಡರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತೂ ಹೋಗಿತ್ತು. ಮೊದಲು ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಹೇಳಿಕೊಟ್ಟ ಹಾಗೆ ಮನೆಯಲ್ಲೂ ಚಿತ್ರ ತೋರಿಸಿ ಅಭ್ಯಾಸ ಮಾಡಿಸಿದೆ. ‘ನೀರು’, ‘ಬೇಡ’, ‘ಬಾ’ ಅನ್ನುವಷ್ಟು ಮಾತು ವಾಪಸ್ ಬಂತು. ಆಮೇಲೆ ಎರಡನೇ ಸಲ ಸ್ಟ್ರೋಕ್ ಆಯಿತು, ಪೂರ್ತಿ ಹಾಸಿಗೆ ಹಿಡಿದರು. ಮೂಗಿನ ಟ್ಯೂಬಿನಲ್ಲಿ ರಾಗಿ ಗಂಜಿ, ಬೇಳೆಕಟ್ಟು. ಏರ್ ಬೆಡ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಂ. ಬೆನ್ನಿನ ಮೇಲೆ ಒಂದು ಹುಣ್ಣು ಆಗಲು ಬಿಡಲಿಲ್ಲ.

ಈಗ ಅಲಾರಂ ಇಲ್ಲ. ಆದರೂ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಎದ್ದು ಆ ರೂಮಿನ ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ. ಗಂಜಿ ಸೋಸುತ್ತಿದ್ದ ಬಿಳಿ ಬಟ್ಟೆ ಇನ್ನೂ ಅಡುಗೆಮನೆಯ ಮೊಳೆಯಲ್ಲೇ ಇದೆ. ತೆಗೆಯಲು ಕೈ ಬರುತ್ತಿಲ್ಲ.

ಕರ್ಮ ಮಾಡಿದ್ದು ನಮ್ಮ ಯಜಮಾನರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದರು. ಬಂದವರೆಲ್ಲ ಅವರ ಹತ್ತಿರ ಕೂತು ಸಮಾಧಾನ ಹೇಳಿದರು. ಹೇಳಬೇಕಾದ್ದೇ, ತಾಯಿಯನ್ನು ಕಳೆದುಕೊಂಡವರು ಅವರು. ನನ್ನ ಹತ್ತಿರ ಬಂದವರು ಮಾತ್ರ ‘ಪುಣ್ಯ ಕಟ್ಟಿಕೊಂಡೆ, ಇನ್ನಾದರೂ ನಿನಗೆ ಬಿಡುವಾಯಿತು’ ಅಂದರು. ವೈಕುಂಠ ಸಮಾರಾಧನೆಯ ಮಾರನೇ ದಿನ ಮನೆ ಖಾಲಿ. ನನಗೂ ದುಃಖ ಇದೆ ಅಂತ ಯಾರಿಗೂ ಹೊಳೆದ ಹಾಗಿಲ್ಲ.

ಹೀಗೆ ಮನೆಯವರ ಸೇವೆ ಮಾಡಿ ಕಳೆದುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಮೈಸೂರು, ಮಂಡ್ಯ ಕಡೆ ಯಾರ ಹತ್ತಿರ ಮಾತಾಡಬಹುದು?

ಮದ್ದೂರಿನ ಮಗಳು

ಅಕ್ಕ, ನಾನಿದ್ದೀನಿ. ಅಪ್ಪನಿಗೆ ಬಾಯಿ ಕ್ಯಾನ್ಸರ್. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲೇ ನೋಡಿಕೊಂಡೆ. ಕೊನೆಕೊನೆಗೆ ಮಾರ್ಫಿನ್ ಮಾತ್ರೆ, ಹೊತ್ತು ಹೊತ್ತಿಗೆ ತಪ್ಪದೆ ಕೊಡಬೇಕಿತ್ತು. ಗೋಡೆಗೆ ಕ್ಯಾಲೆಂಡರ್ ಅಂಟಿಸಿ ಪ್ರತಿ ಮಾತ್ರೆಗೂ ಗೆರೆ ಹಾಕುತ್ತಿದ್ದೆ. ಆ ಕ್ಯಾಲೆಂಡರ್ ನಾನೂ ತೆಗೆದಿಲ್ಲ.

ಒಂದು ಮಾತು ಯಾರಿಗೂ ಹೇಳಿಲ್ಲ, ಇಲ್ಲಿ ಕೇಳುತ್ತಿದ್ದೇನೆ. ಅಪ್ಪನ ಉಸಿರು ನಿಂತಾಗ ನನಗೆ ಮೊದಲು ಅಳು ಬರಲಿಲ್ಲ. ಸದ್ಯ, ನೋವು ಮುಗಿಯಿತಲ್ಲ ಅನ್ನಿಸಿತು. ಹೆತ್ತ ಅಪ್ಪ ಹೋದಾಗ ಹಾಗೆ ಅನ್ನಿಸಬಹುದಾ?

ನಿವೃತ್ತ ಸಿಸ್ಟರ್, ಮಂಡ್ಯ

ಅನ್ನಿಸಬಹುದಮ್ಮ. ವಾರ್ಡಿನಲ್ಲಿ ಎಷ್ಟೋ ಮಕ್ಕಳ ಮುಖದಲ್ಲಿ ಅದನ್ನು ನೋಡಿದ್ದೇನೆ. ಅಪ್ಪನ ನೋವು ನಿಲ್ಲಲಿ ಅಂತ ನೀವು ಹಗಲೂ ರಾತ್ರಿ ಬೇಡಿಕೊಂಡಿದ್ದಿರಿ. ನಿಂತಾಗ ಉಸಿರು ಬಿಟ್ಟಿರಿ. ಅದು ಪ್ರೀತಿ ಕಡಿಮೆ ಆದದ್ದಲ್ಲ.

ಮೈಸೂರಿನ ತಂಗಿಗೆ: ಎರಡು ಗಂಟೆಗೆ ಎಚ್ಚರ ಆಗುವುದಕ್ಕೆ ಹೆದರಬೇಡಿ. ವರ್ಷಗಟ್ಟಲೆ ಅದೇ ಹೊತ್ತಿಗೆ ಎದ್ದ ಮೈ ಅದು, ತಾನಾಗಿ ಬಿಡಲು ಸಮಯ ಬೇಕು. ಎದ್ದಾಗ ಮೊಬೈಲ್ ಹಿಡಿಯಬೇಡಿ. ಆ ರೂಮಿಗೆ ಹೋಗಬೇಕು ಅನ್ನಿಸಿದರೆ ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ. ಹಗಲು ನಿದ್ದೆ ಜಾಸ್ತಿ ಮಾಡಬೇಡಿ. ಬೆಳಗ್ಗೆ ಬಿಸಿಲಿನಲ್ಲಿ ಒಂದು ಸುತ್ತು ನಡೆಯಿರಿ.

ಇನ್ನೊಂದು ವಿಷಯ. ಇಷ್ಟು ದಿನ ಅತ್ತೆಯ ಬಿಪಿ ನೋಡಿದಿರಿ, ಶುಗರ್ ನೋಡಿದಿರಿ. ನಿಮ್ಮದು ಯಾವಾಗ ನೋಡಿಸಿದ್ದು? ಎತ್ತಿ ಇಳಿಸಿ ಸೊಂಟ ಹೋಗಿರುತ್ತದೆ, ಹೊತ್ತಿಗೆ ಸರಿಯಾಗಿ ಊಟ ಮಾಡಿರುವುದಿಲ್ಲ. ಸೇವೆ ಮಾಡಿದವರ ಕಾಯಿಲೆ ಸಾವಿನ ಮನೆ ಖಾಲಿ ಆದಮೇಲೆ ಮೇಲೆ ಬರುತ್ತದೆ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋಗಿ ರಕ್ತ, ಬಿಪಿ ಪರೀಕ್ಷೆ ಮಾಡಿಸಿ. ಇದನ್ನು ಈ ವಾರವೇ ಮಾಡಿ, ಮುಂದಕ್ಕೆ ಹಾಕಬೇಡಿ.

ಮದ್ದೂರಿನವರೇ, ಮನೆಯಲ್ಲಿ ಮಾರ್ಫಿನ್ ಉಳಿದಿದ್ದರೆ ಕೊಟ್ಟವರಿಗೇ ವಾಪಸ್ ಕೊಡಿ. ಕಸಕ್ಕೂ ಹಾಕಬೇಡಿ, ಡಬ್ಬದಲ್ಲೂ ಇಟ್ಟುಕೊಳ್ಳಬೇಡಿ.

ಚಾಮರಾಜಪುರಂ ಹಿರಿಯ

ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸಿಯೇ ಪದ್ಧತಿ ಮಾಡಿದ್ದಾರೆ. ಹನ್ನೊಂದು, ಹದಿಮೂರು, ತಿಂಗಳಿಗೊಮ್ಮೆ ಮಾಸಿಕ, ವರ್ಷಾಬ್ದಿಕ, ಪಿತೃಪಕ್ಷ. ಹೋದವರನ್ನು ನೆನೆಯಲು ವರ್ಷವಿಡೀ ದಿನ ಇಟ್ಟಿದ್ದಾರೆ. ದುಃಖ ಒಂದೇ ದಿನಕ್ಕೆ ಮುಗಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಇದನ್ನು ಶ್ರದ್ಧೆಯಿಂದ ಮಾಡಿದರೆ ಸಾಕಲ್ಲವೇ? ಎಲ್ಲದಕ್ಕೂ ಕೌನ್ಸೆಲಿಂಗ್ ಯಾಕೆ?

ಮದ್ದೂರಿನ ಮಗಳು

ತಾತ, ಶಾಸ್ತ್ರ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ನಮ್ಮ ಕಡೆ ಹಾಲು ತುಪ್ಪ, ಹನ್ನೊಂದನೇ ದಿನದ ತಿಥಿ, ಎಡೆ ಎಲ್ಲ ಮಾಡಿದೆವು. ಬಾಯಿ ತೆರೆಯಲಾಗದೆ ಬರೀ ಗಂಜಿ ಕುಡಿದುಕೊಂಡಿದ್ದ ಅಪ್ಪನಿಗೆ ಮುದ್ದೆ, ನಾಟಿಕೋಳಿ ಸಾರು ಎಡೆ ಇಟ್ಟಾಗ ನನ್ನ ಮನಸ್ಸು ನಿಜವಾಗಿ ಹಗುರ ಆಯಿತು.

ಆದರೆ ಎಡೆ ಇಟ್ಟಿದ್ದು ತಮ್ಮ, ಕೈ ಮುಗಿದಿದ್ದು ಚಿಕ್ಕಪ್ಪಂದಿರು. ನಾನು ಅಷ್ಟು ಹೊತ್ತೂ ಒಲೆ ಮುಂದೆ ಇದ್ದೆ. ಮಾಸಿಕ ಬಂದರೂ ಹೆಂಗಸರಿಗೆ ಅದು ಅಡುಗೆಯ ದಿನ. ಹೋದವರ ಮೈ ತೊಳೆದವರು, ವಾಂತಿ ಬಾಚಿದವರು, ರಾತ್ರಿ ಕೈ ಹಿಡಿದುಕೊಂಡು ಕೂತವರು ಆ ದಿನ ಎಲ್ಲಿರುತ್ತಾರೆ ನೋಡಿ. ಅಷ್ಟೇ ನಾನು ಕೇಳುವುದು.

ಆಪ್ತಸಮಾಲೋಚಕಿ, ಸರಸ್ವತಿಪುರಂ

ಹಿರಿಯರು ಹೇಳಿದ್ದರಲ್ಲಿ ಸತ್ಯ ಇದೆ. ದಿನ ಗೊತ್ತುಮಾಡಿ, ನಾಲ್ಕು ಜನ ಸೇರಿ, ಹೋದವರ ಹೆಸರು ಹೇಳುವುದು ದೊಡ್ಡ ಆಸರೆ. ಮದ್ದೂರಿನವರು ಕೇಳಿದ್ದೂ ಅಷ್ಟೇ ಸರಿ. ಆ ಆಸರೆ ಮನೆಯಲ್ಲಿ ಎಲ್ಲರಿಗೂ ಒಂದೇ ಸಮನೆ ಸಿಗುವುದಿಲ್ಲ.

ಸಮಾಧಾನ ಅನ್ನಿಸುವುದರ ಬಗ್ಗೆ ಒಂದು ಅಧ್ಯಯನ ಹೇಳುತ್ತೇನೆ. 2003ರಲ್ಲಿ ಅಮೆರಿಕದ ರಿಚರ್ಡ್ ಶುಲ್ಟ್ಸ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಂಡ 217 ಜನರ ಬಗ್ಗೆ ಬರೆದರು. ರೋಗಿ ತೀರಿಕೊಂಡಾಗ ತಮಗೆ ಸಮಾಧಾನ ಆಯಿತು ಅಂತ ನೂರಕ್ಕೆ 72 ಮಂದಿ ಹೇಳಿದರು. ಹೋದವರಿಗೇ ಅದರಿಂದ ಬಿಡುಗಡೆ ಆಯಿತು ಅಂತ ಹೇಳಿದವರು ನೂರಕ್ಕೆ 90ಕ್ಕಿಂತ ಜಾಸ್ತಿ. ಅಂದರೆ ಹಾಗೆ ಅನ್ನಿಸಿದವರೇ ಹೆಚ್ಚು. ಬಾಯಿಬಿಟ್ಟು ಹೇಳುವವರು ಕಡಿಮೆ.

ನೋಡಿಕೊಂಡವರು ಕಳೆದುಕೊಳ್ಳುವುದು ಒಂದನ್ನಲ್ಲ, ಎರಡನ್ನು. ಮನುಷ್ಯ ಹೋದರು. ಅವರ ಜೊತೆಗೆ ಬೆಳಗಿನಿಂದ ರಾತ್ರಿವರೆಗೆ ತುಂಬಿಕೊಂಡಿದ್ದ ಕೆಲಸವೂ ಹೋಯಿತು. ‘ನಾನಿಲ್ಲದೆ ಇವರಿಗೆ ಆಗುವುದಿಲ್ಲ’ ಅನ್ನುವ ಸ್ಥಾನವೂ ಹೋಯಿತು. ನೆಂಟರಿಗೆ ಕಾಣುವುದು ಮೊದಲನೆಯದು ಮಾತ್ರ. ಸೊಸೆಯ ವಿಷಯದಲ್ಲಿ ಅವರಿಗೆ ಅದೂ ಕಾಣಿಸುವುದಿಲ್ಲ, ಅತ್ತೆ ತಾನೇ ಅಂದುಬಿಡುತ್ತಾರೆ.

ಬೆಂಗಳೂರಿನಲ್ಲಿರುವ ತಮ್ಮ

ಮೇಡಂ, ದುಃಖಕ್ಕೆ ಐದು ಹಂತ ಇರುತ್ತವೆ, ಒಂದಾದ ಮೇಲೊಂದು ದಾಟಿ ಕೊನೆಗೆ ಒಪ್ಪಿಕೊಳ್ಳುತ್ತೇವೆ ಅಂತ ಓದಿದ್ದೆ. ನಮ್ಮ ಅಕ್ಕ ಅಮ್ಮನನ್ನು ಮೈಸೂರಿನ ಮನೆಯಲ್ಲಿ ನೋಡಿಕೊಂಡಳು. ಅಮ್ಮ ಹೋಗಿ ಮೂರು ತಿಂಗಳಾಯಿತು. ಒಂದು ದಿನ ಸರಿ ಇರುತ್ತಾಳೆ, ನಗುತ್ತಾಳೆ. ಮಾರನೇ ದಿನ ಫೋನ್ ಎತ್ತುವುದಿಲ್ಲ. ಅವಳು ಯಾವ ಹಂತದಲ್ಲಿದ್ದಾಳೆ ಅಂತ ಗೊತ್ತಾಗುತ್ತಿಲ್ಲ. ದೂರದಲ್ಲಿರುವ ನಾನು ಏನು ಮಾಡಬೇಕು?

ಆಪ್ತಸಮಾಲೋಚಕಿ, ಸರಸ್ವತಿಪುರಂ

ಆ ಐದು ಹಂತ 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಹೇಳಿದ್ದು. ಅವರು ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಉಳಿದುಕೊಂಡವರಿಗೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹಚ್ಚಿ ನೋಡಬೇಡಿ.

ನಿಮ್ಮ ಅಕ್ಕನ ವಿಷಯಕ್ಕೆ ಹತ್ತಿರ ಬರುವುದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಹೇಳಿದ್ದು. ಮನಸ್ಸು ಸ್ವಲ್ಪ ಹೊತ್ತು ಹೋದವರ ಕಡೆ ಇರುತ್ತದೆ, ಸ್ವಲ್ಪ ಹೊತ್ತು ಬದುಕಿನ ಕಡೆ ತಿರುಗುತ್ತದೆ. ಅಮ್ಮನ ಸೀರೆ ಹಿಡಿದು ಅಳುವುದು, ಗ್ಯಾಸ್ ಬುಕ್ ಮಾಡುವುದು, ಮತ್ತೆ ಅಳುವುದು. ಹೀಗೆ ಆ ಕಡೆ ಈ ಕಡೆ ಹೋಗಿಬರುವುದೇ ಆರೋಗ್ಯದ ಲಕ್ಷಣ. ನಗುವ ದಿನ ಇರುವುದರಿಂದ ಅವಳಿಗೆ ದುಃಖ ಇಲ್ಲ ಅಂತಲೂ ಅಲ್ಲ, ಅಳುವ ದಿನ ಇರುವುದರಿಂದ ಹಿಂದಕ್ಕೆ ಹೋದಳು ಅಂತಲೂ ಅಲ್ಲ.

ಯಾವಾಗ ಚಿಂತೆ ಮಾಡಬೇಕು? ಆರು ತಿಂಗಳು ದಾಟಿದರೂ ಹೆಚ್ಚುಕಮ್ಮಿ ದಿನವೂ ಅದೇ ತೀವ್ರ ಹಂಬಲ, ಬದುಕೇ ಅರ್ಥವಿಲ್ಲ ಅನ್ನುವ ಭಾವ, ಮನೆ ಕೆಲಸ, ಊಟ, ಜನ ಯಾವುದೂ ಬೇಡ. ಹೀಗಿದ್ದರೆ ಅದನ್ನು ದೀರ್ಘಕಾಲದ ಶೋಕದ ತೊಂದರೆ ಅಂತ ವೈದ್ಯರು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಕಾಯಿಲೆಗಳ ಪಟ್ಟಿಯಲ್ಲಿ ಇದು ಇದೆ. ಚಿಕಿತ್ಸೆಯೂ ಇದೆ. ತಾನೂ ಸಾಯಬೇಕು ಅನ್ನುವ ಮಾತು ಬಂದರೆ ಆರು ತಿಂಗಳು ಕಾಯುವ ಹಾಗೇ ಇಲ್ಲ, ಅವತ್ತೇ ಸಹಾಯ ಪಡೆಯಬೇಕು.

ಎಲ್ಲಿಗೆ ಹೋಗಬೇಕು ಅಂತ ಸೊಸೆಯವರು ಕೇಳಿದ್ದರು. ಮೊದಲು ಫೋನ್: ಟೆಲಿ ಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ನಿಮಗೆ ಎಚ್ಚರ ಆಗುವ ಎರಡು ಗಂಟೆಗೂ ಯಾರಾದರೂ ಎತ್ತಿಕೊಳ್ಳುತ್ತಾರೆ. ಮುಖಾಮುಖಿ ಬೇಕಾದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತದೆ. ಹೋಗುವ ಮೊದಲು ಈ ವಾರ ಡಾಕ್ಟರು ಬರುತ್ತಾರಾ ಅಂತ ಒಂದು ಮಾತು ಕೇಳಿಕೊಳ್ಳಿ. ಮನೋವೈದ್ಯರು ಅಂದ ಕೂಡಲೇ ಮಾತ್ರೆ ಅಂತ ಅಲ್ಲ. ಎಷ್ಟೋ ಜನಕ್ಕೆ ಕೂತು ಮಾತಾಡಿದರೆ ಸಾಕಾಗುತ್ತದೆ.

ಮದ್ದೂರಿನ ಮಗಳು

ಬೆಂಗಳೂರಿನ ತಮ್ಮನಿಗೆ, ಒಬ್ಬ ಅಕ್ಕನಾಗಿ ಹೇಳುತ್ತೇನೆ. ‘ಏನಾದರೂ ಬೇಕಾದರೆ ಹೇಳು’ ಅನ್ನಬೇಡಿ. ಹೇಳುವುದಕ್ಕೂ ಶಕ್ತಿ ಬೇಕು, ನಮ್ಮ ಹತ್ತಿರ ಅದು ಇರುವುದಿಲ್ಲ. ‘ಶನಿವಾರ ಬರುತ್ತೀನಿ, ಬ್ಯಾಂಕ್ ಕೆಲಸ ನಾನು ನೋಡುತ್ತೀನಿ’ ಅನ್ನಿ. ಬನ್ನಿ. ಅಮ್ಮನ ಕೊನೆ ದಿನಗಳು ಹೇಗಿದ್ದವು ಅಂತ ಕೇಳಿ. ನೀವು ಇಲ್ಲದಿದ್ದಾಗ ಏನೇನಾಯಿತು ಅಂತ ಗೊತ್ತಿರುವುದು ಅವಳೊಬ್ಬಳಿಗೇ. ಅದನ್ನು ಹೊರಲು ಇನ್ನೊಬ್ಬರು ಬೇಕು. ಹೇಳಿದ್ದನ್ನೇ ಮತ್ತೆ ಹೇಳಿದರೂ ತಡೆಯಬೇಡಿ.

ಒಡವೆ, ಮನೆ, ಪಾಲು ಇದರ ಮಾತು ಮೊದಲ ಭೇಟಿಯಲ್ಲೇ ತೆಗೆಯಬೇಡಿ. ಕೆಲಸ ಬಿಟ್ಟಿದ್ದರೆ ಅವಳ ಕೈಯಲ್ಲಿ ದುಡ್ಡು ಇರುವುದಿಲ್ಲ, ಕೇಳದೆಯೇ ಕೊಡಿ. ನನಗೆ ಮತ್ತೆ ಗಾರ್ಮೆಂಟ್ಸ್‌ಗೆ ಸೇರಿದಾಗ ಹಳೇ ಸರ್ವಿಸ್ ಲೆಕ್ಕಕ್ಕೆ ಬರಲಿಲ್ಲ. ಹೊಸಬರ ಸಂಬಳದಿಂದ ಶುರು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮತ್ತೆ, ನೆಂಟರೆಲ್ಲ ಸೇರಿದ ಕಡೆ ನಾಲ್ಕು ಜನರ ಎದುರಿಗೆ ‘ಅಮ್ಮನನ್ನು ನೋಡಿಕೊಂಡಿದ್ದು ಅಕ್ಕ’ ಅಂತ ಬಾಯಿಬಿಟ್ಟು ಹೇಳಿ. ನನ್ನ ತಮ್ಮ ಹಾಗೆ ಹೇಳಿದ ದಿನ ನನಗೆ ಎಷ್ಟು ನೆಮ್ಮದಿ ಆಯಿತು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಪಾಂಡವಪುರದ ರೈತ

ನಾನು ಇಂಥ ಕಡೆ ಬರೆದವನಲ್ಲ. ಮಗಳು ಬರೆದುಕೊಡುತ್ತಿದ್ದಾಳೆ. ನನ್ನ ಹೆಂಡತಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಸ್ಸಿಗೆ ಹೋಗುತ್ತಿದ್ದೆವು. ಈಗಲೂ ಆ ದಿನ ಬಂದರೆ ಬೆಳಗ್ಗೆ ಅವಳ ಫೈಲು, ಟವೆಲ್ಲು ಎತ್ತಿಕೊಳ್ಳಲು ಕೈ ಹೋಗುತ್ತದೆ. ಅರಳಿಕಟ್ಟೆಯಲ್ಲಿ ಕೂತರೆ ಮಳೆ, ಕಬ್ಬಿನ ರೇಟು ಮಾತಾಡುತ್ತಾರೆ. ಅವಳ ಸುದ್ದಿ ಎತ್ತುವುದಿಲ್ಲ. ನನಗೆ ನೋವಾಗುತ್ತದೆ ಅಂತ ಇರಬಹುದು.

ನನ್ನನ್ನು ಚುಚ್ಚುತ್ತಿರುವುದು ಒಂದೇ. ಅವಳಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಅಳತೆ ಹೇಳಿದ್ದರು. ಬೇಸಿಗೆಯಲ್ಲಿ ಇನ್ನೊಂದು ಲೋಟ ಕೊಡಿ ಅಂತ ಕೇಳೋಳು. ನಾನು ಕೊಡಲಿಲ್ಲ. ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಈಗ ನೀರು ಕುಡಿಯುವಾಗೆಲ್ಲ ಅದೇ ನೆನಪು. ಹೋಗುವವಳಿಗೆ ನೀರು ಕೊಡಲಿಲ್ಲವಲ್ಲ ಅಂತ.

ಹೊಲದ ಪೌತಿ ಖಾತೆಯೂ ಮಾಡಿಸಿಲ್ಲ. ಎರಡು ಎಕರೆ ಅವಳ ತಂದೆ ಕೊಟ್ಟಿದ್ದು, ಅವಳ ಹೆಸರಿನಲ್ಲಿದೆ. ಪಹಣಿಯಿಂದ ಅವಳ ಹೆಸರು ತೆಗೆಸಲು ಮನಸ್ಸಿಲ್ಲ.

ನಿವೃತ್ತ ಸಿಸ್ಟರ್, ಮಂಡ್ಯ

ಅಣ್ಣ, ಇದನ್ನು ನಿಧಾನವಾಗಿ ಓದಿಸಿಕೊಳ್ಳಿ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೂತ್ರವಾಗಿ ಹೋಗುವುದಿಲ್ಲ. ಮೈಯಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ, ಬಿಪಿ ಏರುತ್ತದೆ, ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರು ಕಟ್ಟುತ್ತದೆ. ರಾತ್ರಿ ಹೊತ್ತು ಹಾಗೆ ಉಸಿರು ಸಿಗದೆ ಎದ್ದು ಕೂತು ಒದ್ದಾಡುವವರನ್ನು ನಾನು ನೋಡಿದ್ದೇನೆ. ಅದಕ್ಕೇ ಡಾಕ್ಟರು ಅಳತೆ ಹೇಳುವುದು. ನೀವು ಆ ಲೋಟ ತಡೆದಿದ್ದರಿಂದ ಅವರು ಅಷ್ಟು ರಾತ್ರಿ ಮಲಗಿ ಉಸಿರಾಡಿದರು. ತುಟಿಗೆ ಒದ್ದೆ ಬಟ್ಟೆ ಒತ್ತುವುದನ್ನು ನಾವು ನರ್ಸುಗಳು ಕಲಿಸಿಕೊಡುತ್ತೇವೆ. ನಿಮಗೆ ಅದು ತಾನಾಗಿ ತೋಚಿತು.

ಅವರ ಸುದ್ದಿ ಊರಿನವರು ಎತ್ತದಿದ್ದರೆ ನೀವೇ ಎತ್ತಿ. ಅವರಿಗೆ ದಾರಿ ಗೊತ್ತಿಲ್ಲ ಅಷ್ಟೇ.

ಕುವೆಂಪುನಗರದ ಸೊಸೆ

ಎಲ್ಲರ ಮಾತೂ ಓದಿದೆ. ಪಾಂಡವಪುರದ ಅಣ್ಣನ ಮಾತು ಓದಿ ತುಂಬಾ ಅತ್ತೆ. ನಿನ್ನೆ ನಮ್ಮ ಯಜಮಾನರಿಗೆ ಇದೆಲ್ಲ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಅಮ್ಮ ನಿನ್ನನ್ನೇ ಹುಡುಕುತ್ತಿದ್ದರು, ನಾನು ರೂಮಿಗೆ ಬಂದರೂ ಅವರ ಕಣ್ಣು ಬಾಗಿಲ ಕಡೆಯೇ ಇರುತ್ತಿತ್ತು ಅಂದರು. ಇದನ್ನು ಅವರು ಮೊದಲು ಹೇಳಿರಲಿಲ್ಲ.

ಸಿಸ್ಟರ್, ಬಿಪಿ ನೋಡಿಸಿದೆ. ಜಾಸ್ತಿ ಇದೆ. ಮತ್ತೆ ಬರಲು ಹೇಳಿದ್ದಾರೆ.

ಈಗ ದಸರಾ ಹತ್ತಿರ ಬರುತ್ತಿದೆ. ಅದಕ್ಕೂ ಮೊದಲು ಪಿತೃಪಕ್ಷ. ಅಮಾವಾಸ್ಯೆ ಕಳೆದ ಮಾರನೇ ದಿನವೇ ಊರೆಲ್ಲ ದೀಪ ಹತ್ತಿಕೊಳ್ಳುತ್ತದೆ. ಈ ವರ್ಷ ಹಬ್ಬ ಇಲ್ಲ, ಗೊಂಬೆ ಕೂರಿಸಬಾರದು ಅಂದಿದ್ದಾರೆ. ಗೊಂಬೆ ಡಬ್ಬ ಇಳಿಸುವಾಗ ಅತ್ತೆ ಮಲಗಿದ ಕಡೆಯಿಂದಲೇ ಎಡಗೈಯಲ್ಲಿ ಇದು ಇಲ್ಲಿ, ಅದು ಅಲ್ಲಿ ಅಂತ ತೋರಿಸುತ್ತಿದ್ದರು. ಆ ಒಂಬತ್ತು ದಿನ ಹೇಗೆ ಕಳೆಯುವುದು ಅಂತಲೇ ಭಯ.

ಚಾಮರಾಜಪುರಂ ಹಿರಿಯ

ತಾಯಿ, ಗೊಂಬೆ ಕೂರಿಸದಿದ್ದರೆ ಬೇಡ. ಡಬ್ಬ ಇಳಿಸಿ, ಒಂದೊಂದನ್ನೂ ಒರೆಸಿ, ಹೊಸ ಬಟ್ಟೆ ಸುತ್ತಿ ಮತ್ತೆ ಇಡಿ. ಯಾವುದು ಎಲ್ಲಿಂದ ಬಂತು ಅಂತ ಅತ್ತೆ ಹೇಳಿದ್ದು ನೆನಪಿದ್ದರೆ ಚೀಟಿ ಬರೆದು ಅಂಟಿಸಿ. ಅದಕ್ಕೆ ಯಾವ ಸೂತಕವೂ ಅಡ್ಡಿ ಇಲ್ಲ.

ಮದ್ದೂರಿನ ಮಗು ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಎತ್ತಿದೆ. ನನ್ನ ತಮ್ಮನ ಮಾಸಿಕ ಮುಂದಿನ ವಾರ ಇದೆ. ಅವನನ್ನು ಕೊನೆವರೆಗೆ ನೋಡಿಕೊಂಡವಳು ಅವನ ಹೆಂಡತಿ. ಈ ಸಲ ಅಡುಗೆಯವರಿಗೆ ಹೇಳಿದ್ದೇವೆ. ಅವಳು ಒಲೆ ಮುಂದೆ ನಿಲ್ಲುವುದಿಲ್ಲ, ನಮ್ಮ ಜೊತೆ ನಡುಮನೆಯಲ್ಲಿ ಕೂರುತ್ತಾಳೆ. ಮಾತಾಡಬೇಕು ಅನ್ನಿಸಿದರೆ ಮಾತಾಡಲಿ, ಇಲ್ಲದಿದ್ದರೆ ಸುಮ್ನೆ ಕೂತಿರಲಿ. ಕೌನ್ಸೆಲಿಂಗ್ ಬಗ್ಗೆ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಆ ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಕಾಗದಪತ್ರದ ಕೆಲಸ ಗೊತ್ತಿರುವವನು, ಶ್ರೀರಂಗಪಟ್ಟಣ

ಮನಸ್ಸಿನ ವಿಷಯ ದೊಡ್ಡವರು ಹೇಳಿದ್ದಾರೆ. ನಾನು ಕಾಗದದ ವಿಷಯ ಹೇಳುತ್ತೇನೆ. ಇದನ್ನು ನೋಡಿಕೊಂಡವರ ತಲೆ ಮೇಲೆ ಹಾಕಬೇಡಿ, ಮನೆಯಲ್ಲಿ ಇನ್ನೊಬ್ಬರು ತೆಗೆದುಕೊಳ್ಳಿ.

ಮನೆಯಲ್ಲೇ ಸಾವಾಗಿದ್ದರೆ 21 ದಿನದೊಳಗೆ ನೋಂದಣಿ ಮಾಡಿಸಿ, ಶುಲ್ಕ ಇಲ್ಲ. ಆಮೇಲೆ ತಡವಾದಷ್ಟೂ ಅಲೆದಾಟ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶದವರೆಗೆ ಹೋಗುತ್ತದೆ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ವಿಮೆಯ ಕಂತು ಕಟ್ ಆಗಿದೆಯಾ ನೋಡಿ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಆಗಿದ್ದರೆ ನಾಮಿನಿಗೆ 2 ಲಕ್ಷ ಬರುತ್ತದೆ. ಎಷ್ಟೋ ಮನೆಯಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ.

ಅತ್ತೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2000 ರೂಪಾಯಿ ಅವರ ಖಾತೆಗೆ ಬರುತ್ತಿರುತ್ತದೆ. ಕಾರ್ಡಿನಲ್ಲಿ ಹೆಸರು ಬದಲಾಯಿಸಿ, ಸೊಸೆಯ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು.

ಪಾಂಡವಪುರದ ರೈತ

ಸಿಸ್ಟರ್ ಅಮ್ಮ ಹೇಳಿದ್ದನ್ನು ಮಗಳು ಮತ್ತೆ ಮತ್ತೆ ಓದಿ ಹೇಳಿದಳು. ಡಾಕ್ಟರು ಯಾಕೆ ಅಳತೆ ಹೇಳಿದರು ಅಂತ ನಮಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನಿಮಗೆ ಒಳ್ಳೆಯದಾಗಲಿ.

ಸೋಮವಾರ ನಾಡಕಚೇರಿಗೆ ಹೋಗೋಣ ಅಂತ ಇದ್ದೀನಿ. ಮಗಳ ಹೆಸರೂ ಸೇರಿಸಿ ಖಾತೆ ಮಾಡಿಸುತ್ತೀನಿ, ಅವಳ ತಾಯಿಯ ಹೊಲ ಅದು. ಏನೇನು ತೆಗೆದುಕೊಂಡು ಹೋಗಬೇಕು? ಮತ್ತೆ ಆ 14416ಕ್ಕೆ ಬಟನ್ ಫೋನಿನಿಂದ ಮಾಡಿದರೆ ಆಗುತ್ತದಾ?

ಕಾಗದಪತ್ರದ ಕೆಲಸ ಗೊತ್ತಿರುವವನು, ಶ್ರೀರಂಗಪಟ್ಟಣ

ಆಗುತ್ತದೆ ಅಣ್ಣ, ಮಾಮೂಲಿ ಕಾಲ್. ಇಂಟರ್‌ನೆಟ್ ಬೇಡ, ಕರೆನ್ಸಿಯೂ ಹೋಗುವುದಿಲ್ಲ.

ಮೊದಲು ವಂಶವೃಕ್ಷ ಮಾಡಿಸಬೇಕು. ಅಮ್ಮನವರ ಮರಣ ಪ್ರಮಾಣಪತ್ರ, ನಿಮ್ಮದು ಮತ್ತು ಮಕ್ಕಳೆಲ್ಲರ ಆಧಾರ್, ರೇಷನ್ ಕಾರ್ಡ್, ಹೊಲದ ಪಹಣಿ, ನೋಟರಿ ಮಾಡಿಸಿದ ಅಫಿಡವಿಟ್ ಇಟ್ಟುಕೊಳ್ಳಿ. ಎಲ್ಲದಕ್ಕೂ ಎರಡು ಸೆಟ್ ಜೆರಾಕ್ಸ್. ವಂಶವೃಕ್ಷ ಕೈಗೆ ಬಂದಮೇಲೆ ಪೌತಿ ಖಾತೆಗೆ ಅರ್ಜಿ. ಸೋಮವಾರ ರಶ್ ಇರುತ್ತದೆ, ಬೆಳಗ್ಗೆಯೇ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ.